ಹಳೆಯ ಲಾರಿಯ ಸ್ಪೀಡೋಮೀಟರ್ ತಪ್ಪು ತೋರಿಸಿದರೆ ಮೊದಲು ನೋಡಬೇಕಾದದ್ದು ಓಡೋಮೀಟರ್

ಮಂಗಳೂರು, ಉಡುಪಿ ಕಡೆಯ ಹಳೆಯ ಲಾರಿಗಳಲ್ಲಿ ಸ್ಪೀಡೋಮೀಟರಿನ ಮುಳ್ಳು ನಡುಗುವುದು, ಅಂಟಿಕೊಳ್ಳುವುದು ಅಥವಾ ನಿಜವಾದ ವೇಗಕ್ಕಿಂತ ಹೆಚ್ಚೋ ಕಡಿಮೆಯೋ ತೋರಿಸುವುದು ಸಾಮಾನ್ಯ. ಆಗ ಅನೇಕರು ಮೀಟರನ್ನೇ ಬದಲಾಯಿಸುತ್ತಾರೆ, ಹೊಸ ಮೀಟರೂ ಅದೇ ತಪ್ಪನ್ನು ತೋರಿಸಿದಾಗ ಪೇಚಾಡುತ್ತಾರೆ. ಹಣ ಖರ್ಚು ಮಾಡುವ ಮುನ್ನ ಓಡಿದ ದೂರವನ್ನು ತೋರಿಸುವ ಓಡೋಮೀಟರ್ ಸರಿಯಿದೆಯೇ ಎಂದು ನೋಡಬೇಕು. ದೋಷ ಎಲ್ಲಿದೆ ಎಂಬುದು ಅದರಿಂದಲೇ ತಿಳಿಯುತ್ತದೆ.

ಕೇಬಲ್ ಇರುವ ಮೀಟರಿನಲ್ಲಿ ಗೇರ್‌ಬಾಕ್ಸಿನ ಹಿಂಬದಿಯ ಪಿನಿಯನ್ ಎಂಬ ಸಣ್ಣ ಹಲ್ಲಿನ ಚಕ್ರ ಕೇಬಲನ್ನು ತಿರುಗಿಸುತ್ತದೆ. ಓಡೋಮೀಟರಿನ ಅಂಕಿಗಳು ಹಲ್ಲಿನ ಚಕ್ರಗಳ ಮೂಲಕ ಆ ಕೇಬಲಿನಿಂದಲೇ ನೇರವಾಗಿ ತಿರುಗುವುದರಿಂದ ಅಲ್ಲಿ ಜಾರುವುದಕ್ಕೆ ಅವಕಾಶವಿಲ್ಲ. ಮುಳ್ಳಿನ ವ್ಯವಸ್ಥೆ ಬೇರೆ. ತಿರುಗುವ ಅಯಸ್ಕಾಂತವೊಂದು ಅಲ್ಯೂಮಿನಿಯಂ ಬಟ್ಟಲನ್ನು ಮುಟ್ಟದೆಯೇ ತನ್ನೊಡನೆ ಎಳೆಯುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ತಡೆದು ಹಿಡಿಯುತ್ತದೆ. ವರ್ಷಗಳು ಕಳೆದಂತೆ ಅಯಸ್ಕಾಂತದ ಬಲ ಕುಂದಿದರೆ ಮುಳ್ಳು ಕಡಿಮೆ ತೋರಿಸುತ್ತದೆ, ಸ್ಪ್ರಿಂಗ್ ಸಡಿಲವಾದರೆ ಹೆಚ್ಚು ತೋರಿಸುತ್ತದೆ. ಆದ್ದರಿಂದ ದೂರ ಸರಿಯಿದ್ದು ವೇಗ ಮಾತ್ರ ತಪ್ಪಿದ್ದರೆ ದೋಷ ಮೀಟರಿನೊಳಗಿದೆ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಟಯರನ್ನೋ ಪಿನಿಯನನ್ನೋ ನೋಡಬೇಕು.

ಪರೀಕ್ಷೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಡುಬಿದ್ರಿ ಮತ್ತು ಕಾಪು ನಡುವಿನ ಸಮತಟ್ಟಾದ ಭಾಗ, ವಾಹನಗಳು ವಿರಳವಾಗಿರುವ ಬೆಳಗಿನ ಹೊತ್ತು ಅನುಕೂಲ. ಘಾಟಿಯ ತಿರುವುಗಳಲ್ಲಿ, ದಟ್ಟ ಮರಗಳ ಕೆಳಗೆ ಜಿಪಿಎಸ್ ತಡವರಿಸುವುದರಿಂದ ಶಿರಾಡಿಯಂಥ ರಸ್ತೆ ಇದಕ್ಕೆ ಬೇಡ. ಟಯರುಗಳಿಗೆ ಸರಿಯಾದ ಗಾಳಿ ತುಂಬಿಸಿ, ಮೊಬೈಲಿನ ಜಿಪಿಎಸ್ ನೋಡುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೆ ವಹಿಸಬೇಕು. ಚಾಲಕ ಮೀಟರಿನಲ್ಲಿ 40, 50, 60ರ ವೇಗವನ್ನು ತಲಾ ಅರ್ಧ ನಿಮಿಷವಾದರೂ ಸ್ಥಿರವಾಗಿ ಹಿಡಿದಿರುವಾಗ ಜಿಪಿಎಸ್ ತೋರಿಸುವ ಅಂಕಿಯನ್ನು ಬರೆದುಕೊಳ್ಳಬೇಕು. ಜಿಪಿಎಸ್ ಇಲ್ಲದಿದ್ದರೆ ಕಿಲೋಮೀಟರ್ ಕಲ್ಲುಗಳ ನಡುವಿನ ಸಮಯ ಸಾಕು: 3600ನ್ನು ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ, 72 ಸೆಕೆಂಡು ಹಿಡಿದರೆ ವೇಗ 50. ಓಡೋಮೀಟರಿನ ದೂರವನ್ನು ಮಾತ್ರ ಕನಿಷ್ಠ ಹತ್ತು ಕಿಲೋಮೀಟರ್ ಓಡಿಸಿಯೇ ಹೋಲಿಸಬೇಕು. ಮೂರೂ ವೇಗಗಳಲ್ಲಿ ಮುಳ್ಳು ಒಂದೇ ಸಮನೆ ಐದು ಕಿಲೋಮೀಟರ್ ಹೆಚ್ಚು ತೋರಿಸಿದರೆ ಅದು ತನ್ನ ಕಡ್ಡಿಯ ಮೇಲೆ ಜರುಗಿ ಕುಳಿತಿದೆ ಎಂದರ್ಥ. ಮೀಟರ್ ರಿಪೇರಿಯವರು ಅದನ್ನು ಕಿತ್ತು ಸರಿಯಾಗಿ ಕೂರಿಸಿಕೊಡುತ್ತಾರೆ.

ಮುಳ್ಳು ನಡುಗುತ್ತಿದ್ದರೆ ಕೇಬಲನ್ನು ಹೊರಗೆಳೆಯಬೇಕು. ಕರಾವಳಿಯಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಮಲ್ಪೆ ಬಂದರಿನಿಂದ ಮೀನು ಸಾಗಿಸುತ್ತಿದ್ದ ಲಾರಿಯೊಂದರಲ್ಲಿ, ಮಂಜುಗಡ್ಡೆ ಕರಗಿದ ಉಪ್ಪುನೀರು ಇಳಿದಿಳಿದು ಗೇರ್‌ಬಾಕ್ಸ್ ತುದಿಯ ನಟ್ಟು ಕಲ್ಲಿನಂತಾಗಿತ್ತು. ಒಳತಂತಿಯನ್ನು ಎಳೆದಾಗ ಅದಕ್ಕೆ ಇಟ್ಟಿಗೆ ಬಣ್ಣದ ಕೆಸರು ಮೆತ್ತಿಕೊಂಡಿತ್ತು, ಒಂದು ಗೇಣಿನಷ್ಟು ಭಾಗದಲ್ಲಿ ಎಳೆಗಳು ತುಂಡಾಗಿ ಹಿಡಿಸೂಡಿಯ ಕಡ್ಡಿಗಳಂತೆ ಹೊರಚಾಚಿದ್ದವು. ಅಂಥದ್ದನ್ನು ಎಸೆಯಲೇಬೇಕು. ತಂತಿ ಗಟ್ಟಿಯಾಗಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸಮತಟ್ಟಾದ ನೆಲದ ಮೇಲಿಟ್ಟು ಉರುಳಿಸಿ ನೋಡಬೇಕು. ಎಲ್ಲಿಯಾದರೂ ಕುಪ್ಪಳಿಸಿದರೆ ಅಲ್ಲಿ ಮಡಿಕೆ ಬಿದ್ದಿದೆ. ಮರಳಿ ಹಾಕುವಾಗ ಗ್ರೀಸನ್ನು ತೆಳುವಾಗಿ ಸವರಿ, ಮೀಟರಿನ ಕಡೆಯ ಒಂದು ಗೇಣನ್ನು ಒಣಗಿಯೇ ಬಿಡಬೇಕು. ಇಲ್ಲದಿದ್ದರೆ ಗ್ರೀಸ್ ತಂತಿಯ ಸುತ್ತಿನೊಡನೆ ಮೇಲೇರಿ ಮೀಟರಿನೊಳಗೆ ಸೇರಿ ಅದನ್ನು ಹಾಳುಮಾಡುತ್ತದೆ.

ದೂರ ಮತ್ತು ವೇಗ ಎರಡೂ ತಪ್ಪಿದ್ದರೆ ಟಯರಿನ ಅಳತೆಯನ್ನು ಓದಬೇಕು. 9.00-20 (ಒಂಬತ್ತು ಇಂಚು ಅಗಲ, ಇಪ್ಪತ್ತು ಇಂಚಿನ ರಿಮ್) ಇದ್ದ ಕಡೆ 10.00-20 ಹಾಕಿದರೆ ಸುತ್ತಳತೆ ಸುಮಾರು ಶೇಕಡ 3ರಷ್ಟು ಹೆಚ್ಚುವುದರಿಂದ ಲಾರಿ ಮೀಟರ್ ತೋರಿಸುವುದಕ್ಕಿಂತ ವೇಗವಾಗಿ ಓಡುತ್ತಿರುತ್ತದೆ, ಅಪಾಯವಿರುವುದು ಇಲ್ಲಿಯೇ. ಸವೆದ ಟಯರಿನ ಪರಿಣಾಮ ಇದಕ್ಕೆ ವಿರುದ್ಧ. ಅದು ದೂರವನ್ನು ಹಿಗ್ಗಿಸಿ ತೋರಿಸಿ ಡೀಸೆಲ್ ಲೆಕ್ಕವನ್ನೂ ಕೆಡಿಸುತ್ತದೆ.

ಟಯರನ್ನು ಬದಲಿಸಲಾಗದಿದ್ದರೆ ಕೇಬಲ್ ಸಿಕ್ಕಿಸುವ ಪಿನಿಯನನ್ನು ಬದಲಿಸಬಹುದು. ಈಗಿರುವ ಹಲ್ಲುಗಳ ಸಂಖ್ಯೆಯನ್ನು ಮೀಟರ್ ತೋರಿಸಿದ ವೇಗದಿಂದ ಗುಣಿಸಿ ನಿಜವಾದ ವೇಗದಿಂದ ಭಾಗಿಸಬೇಕು. 20 ಹಲ್ಲಿನ ಪಿನಿಯನ್ ಇದ್ದು, ನಿಜವಾದ 60ಕ್ಕೆ ಮೀಟರ್ 66 ತೋರಿಸುತ್ತಿದ್ದರೆ 22 ಹಲ್ಲಿನದು ಬೇಕಾಗುತ್ತದೆ. ಆ ಗೇರ್‌ಬಾಕ್ಸಿಗೆ ಹೊಂದುವ ಪಿನಿಯನ್ ಸಿಗದಿದ್ದರೆ ಕೇಬಲಿನ ನಡುವೆ ಜೋಡಿಸುವ, ತಿರುಗುವ ಅನುಪಾತವನ್ನು ಬದಲಿಸುವ ಸಣ್ಣ ಗೇರ್ ಡಬ್ಬಿ ಅದೇ ಕೆಲಸ ಮಾಡುತ್ತದೆ. ವೇಗ ನಿಯಂತ್ರಕವೂ ಇದೇ ಪಿನಿಯನಿನಿಂದ ಸಂಕೇತ ಪಡೆಯುತ್ತಿದ್ದರೆ ಅದರ ಮಿತಿಯೂ ಬದಲಾಗುತ್ತದೆ. ಅದರ ಸೀಲನ್ನು ತಾನಾಗಿ ಒಡೆಯದೆ ಅಧಿಕೃತರಿಂದಲೇ ಸರಿಹೊಂದಿಸಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಅದೇ ರಸ್ತೆಯಲ್ಲಿ, ಅದೇ ಗಾಳಿಯ ಒತ್ತಡದಲ್ಲಿ ಮತ್ತೊಮ್ಮೆ ಓಡಿಸಿ ಅಂಕಿಗಳನ್ನು ಹೋಲಿಸಬೇಕು. ಓಡೋಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು ಮುಂದೆ ಲಾರಿ ಕೊಳ್ಳುವವರಿಗೆ ಮಾಡುವ ಮೋಸವಾದುದರಿಂದ, ಮೀಟರ್ ಬದಲಿಸಿದ್ದರೆ ಹಳೆಯ ಮೀಟರಿನ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ ಮತ್ತು ತಾರೀಕನ್ನು ಲಾರಿಯ ಪುಸ್ತಕದಲ್ಲಿ ಬರೆದಿಡಬೇಕು.