ಅಡಿಕೆ ಶೀಟ್‌ನ ಎರರ್‌ಗಳು: ಪವರ್ ಕ್ವೆರಿಗೆ ತರುವಾಗ ನಾನು ಅನುಸರಿಸುವ ಕ್ರಮ

ಶಿರಸಿ ಕಡೆಯ ಅಡಿಕೆ ವಹಿವಾಟಿನ ಎಕ್ಸೆಲ್ ಶೀಟ್‌ಗಳನ್ನು ಪವರ್ ಕ್ವೆರಿಗೆ (ಡೇಟಾ ತಂದು ಶುಚಿ ಮಾಡುವ ಎಕ್ಸೆಲ್‌ನ ಸಾಧನ) ತಂದು ಒಟ್ಟು ಮಾಡುತ್ತೇನೆ. ಕಾಲಂ ಐದೇ: ದಿನಾಂಕ, ಲಾಟ್, ಬಗೆ, ತೂಕ, ದರ. ದರ ಇನ್ನೊಂದು ಶೀಟ್‌ನಿಂದ ವಿಲುಕಪ್ (ಹೆಸರು ಹೊಂದಿಸಿ ಬೆಲೆ ಹುಡುಕಿ ತರುವ ಫಾರ್ಮುಲಾ) ಮೂಲಕ ಬರುತ್ತದೆ. ಬಗೆಯ ಕಾಲಂನಲ್ಲಿ ‘ರಾಶಿ’ ಎಂದು ಬರೆದ ಮೇಲೆ ಒಂದು ಸ್ಪೇಸ್ ಬಿದ್ದಿದ್ದರೂ ಸಾಕು, ದರದ ಜಾಗದಲ್ಲಿ #ಎನ್/ಎ (ಸಿಗಲಿಲ್ಲ) ಕೂತಿರುತ್ತದೆ. ಕ್ವೆರಿಗೆ ಬಂದಾಗ ಆ ಸೆಲ್ ಬರೀ ‘ಎರರ್’.

ಕೈ ಮೊದಲು ಹೋಗುವುದು ‘ರಿಮೂವ್ ಎರರ್ಸ್’ ಕಡೆಗೆ. ಅದನ್ನು ಒತ್ತಬೇಡಿ. ದರ ಒಂದು ತಪ್ಪಿದ್ದಕ್ಕೆ ಇಡೀ ಸಾಲು ಹೋಗುತ್ತದೆ, ಜೊತೆಗೆ ಸರಿಯಿದ್ದ ತೂಕವೂ. ಸೊನ್ನೆ ತುಂಬುವುದು ಇನ್ನೂ ಕೆಟ್ಟದ್ದು. ಮೂರು ಲಾಟ್‌ಗಳ ದರ 48,000, 46,000, ಎರರ್ ಎಂದಿಟ್ಟುಕೊಳ್ಳಿ. ನಲ್ (ಖಾಲಿ) ಹಾಕಿದರೆ ಸರಾಸರಿ 47,000; ಸೊನ್ನೆ ಹಾಕಿದರೆ 31,333.

ಎರರ್ ಎಷ್ಟಿವೆ ಎಂದು ನೋಡಲು ವ್ಯೂ ಟ್ಯಾಬ್‌ನಲ್ಲಿ ಕಾಲಂ ಕ್ವಾಲಿಟಿ ಆನ್ ಮಾಡುತ್ತೇನೆ. ಅದು ಮೊದಲ 1000 ಸಾಲುಗಳನ್ನಷ್ಟೇ ನೋಡಿ, ಎರರ್ ಅದರ ಕೆಳಗಿದ್ದರೆ ಶೇಕಡಾ 0 ಎಂದು ಹೇಳಿಬಿಡುತ್ತದೆ. ಕೆಳಗಿನ ಸ್ಟೇಟಸ್ ಬಾರ್ ಒತ್ತಿ ಪೂರ್ತಿ ಡೇಟಾಗೆ ಬದಲಿಸಬೇಕು.

ಆಮೇಲೆ ‘ಚೇಂಜ್ಡ್ ಟೈಪ್’ (ಕಾಲಂಗೆ ನಂಬರ್, ದಿನಾಂಕ ಮುಂತಾದ ಟೈಪ್ ಕೊಡುವ) ಹಂತದ ಕೆಳಗೆ ಒಂದು ಕಸ್ಟಮ್ ಕಾಲಂ; ಅದರಲ್ಲಿ ಟ್ರೈ ಎಂಬ ಪದ, ಮುಂದೆ ಕಾಲಂ ಹೆಸರು, ಅಷ್ಟೇ. ‘ಅದರ್‌ವೈಸ್’ (ಎರರ್ ಬಂದರೆ ಬದಲಿಗೆ ಏನು ಕೊಡಬೇಕು ಎನ್ನುವ ಭಾಗ) ಸೇರಿಸುವುದಿಲ್ಲ, ಸೇರಿಸಿದರೆ ಕಾರಣ ಮುಚ್ಚಿಹೋಗುತ್ತದೆ. ಬಂದ ರೆಕಾರ್ಡ್ (ಹಲವು ವಿವರಗಳ ಕಟ್ಟು) ಬಿಡಿಸಿ, ಅದರೊಳಗಿನ ಎರರ್ ಅನ್ನು ಮತ್ತೆ ಬಿಡಿಸಿದರೆ ಮೆಸೇಜ್, ಡಿಟೇಲ್ ಸಿಗುತ್ತವೆ. ‘ಇನ್‌ವ್ಯಾಲಿಡ್ ಸೆಲ್ ವ್ಯಾಲ್ಯೂ’ ಎಂದರೆ ತಪ್ಪು ಮೂಲ ಶೀಟ್‌ನ ಫಾರ್ಮುಲಾದ್ದು, ಅಲ್ಲೇ ತಿದ್ದಬೇಕು. ನಂಬರ್‌ಗೆ ಬದಲಿಸಲಾಗಲಿಲ್ಲ ಎಂದಿದ್ದರೆ ಡಿಟೇಲ್‌ನಲ್ಲಿ ಮೂಲ ಬರಹವೇ ಇರುತ್ತದೆ: ತೂಕದ ಜಾಗದಲ್ಲಿ ಯಾರೋ ‘2 ಕ್ವಿಂ. 35 ಕೆಜಿ’ ಎಂದು ಬರೆದಿರುತ್ತಾರೆ. ಅದನ್ನು ಕ್ವೆರಿಯಲ್ಲೇ 2.35 ಮಾಡಬಹುದು. ಎರರ್ ಸಾಲುಗಳನ್ನು ‘ಕೀಪ್ ಎರರ್ಸ್’ನಿಂದ ಬೇರೆ ಕ್ವೆರಿಗೆ ಎತ್ತಿಟ್ಟ ಮೇಲೆಯೇ ಮುಖ್ಯ ಕ್ವೆರಿಯಲ್ಲಿ ‘ರಿಪ್ಲೇಸ್ ಎರರ್ಸ್’, ನಲ್.

ವಿಲುಕಪ್ ಬಿಟ್ಟು ಮರ್ಜ್ (ಕ್ವೆರಿಯಲ್ಲೇ ಎರಡು ಶೀಟ್ ಜೋಡಣೆ) ಮಾಡಿದರೆ, ಹೆಸರು ಹೊಂದದಿದ್ದಾಗ ಎರರ್ ಬರುವುದಿಲ್ಲ, ಸದ್ದಿಲ್ಲದೆ ನಲ್ ಬರುತ್ತದೆ. ಕನ್ನಡ ಹೆಸರುಗಳಲ್ಲಿ ಇದು ಕಾಡುತ್ತದೆ. ‘ಕೆಂಪುಗೋಟು’ ಎಂಬ ಬಗೆ ಎರಡೂ ಶೀಟ್‌ನಲ್ಲಿ ಕಣ್ಣಿಗೆ ಒಂದೇ, ಆದರೆ ಟೆಕ್ಸ್ಟ್ ಲೆಂಗ್ತ್ (ಬರಹದ ಉದ್ದ) ಒಂದು ಕಡೆ 9, ಇನ್ನೊಂದು ಕಡೆ 11. ‘ಗೋ’ದ ಓತ್ವ ಒಂದರಲ್ಲಿ ಒಂದೇ ಕೋಡ್, ಇನ್ನೊಂದರಲ್ಲಿ ಮೂರು ತುಂಡು. ಮೊದಲು ಟ್ರಿಮ್ (ತುದಿಯ ಸ್ಪೇಸ್ ತೆಗೆಯುವುದು), ಅದಕ್ಕೂ ಬಗ್ಗದಿದ್ದರೆ ಉದ್ದ ಅಳೆದು ನೋಡಿ, ಮೂರು ತುಂಡಿನ ಜಾಗಕ್ಕೆ ಒಂದನ್ನು ರಿಪ್ಲೇಸ್ ಮಾಡಿ.

ದಿನಾಂಕದ ಎರರ್ ಬಂದರೆ ಮಾತ್ರ ನನಗೆ ಸಮಾಧಾನ. ಟೆಕ್ಸ್ಟ್ ಆಗಿ ಬಂದ 13/04/2024 ಅಮೆರಿಕದ ಲೊಕೇಲ್‌ನಲ್ಲಿ (ಅಲ್ಲಿನ ಬರಹದ ಕ್ರಮ, ತಿಂಗಳು ಮೊದಲು) ಎರರ್ ಕೊಟ್ಟು ಎಚ್ಚರಿಸುತ್ತದೆ. ಆದರೆ ಅದೇ ಕಾಲಂನ 04/11/2024, ಅಂದರೆ ನವೆಂಬರ್ 4, ಏಪ್ರಿಲ್ 11 ಆಗಿ ಸುಮ್ಮನೆ ಒಳಗೆ ನುಗ್ಗಿರುತ್ತದೆ. ಅಲ್ಲಿ ಎರರ್ ಸಾಲುಗಳನ್ನಷ್ಟೇ ತಿದ್ದಿದರೆ ಆಗದು. ಮೊದಲಿನ ಟೈಪ್ ಹಂತ ಅಳಿಸಿ, ‘ಯೂಸಿಂಗ್ ಲೊಕೇಲ್’ನಲ್ಲಿ ಇಂಗ್ಲಿಷ್ (ಇಂಡಿಯಾ) ಆರಿಸಿ ಇಡೀ ಕಾಲಂ ಮತ್ತೆ ಬದಲಿಸಬೇಕು.