ಮಕ್ಕಳ ಮೊಬೈಲ್ ಬಗ್ಗೆ ಪೋಷಕರ ಜೊತೆ ಕೂತಾಗ

ಇಂಟರ್ನೆಟ್‌ನಲ್ಲಿ ಮಕ್ಕಳನ್ನು ಕಾಪಾಡಿಕೊಳ್ಳುವುದು ಹೇಗೆ ಅಂತ ಪೋಷಕರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ‘ಯಾವ ಆ್ಯಪ್ ಹಾಕಿದರೆ ಸಾಕು?’ ಅಂತಲೇ ಹೆಚ್ಚಿನವರು ಶುರು ಮಾಡುತ್ತಾರೆ. ಅದಕ್ಕೆ ಆಮೇಲೆ ಬರೋಣ ಅಂದು ನಾನೇ ಒಂದು ಪ್ರಶ್ನೆ ಕೇಳುತ್ತೇನೆ: ‘ಗುರುತಿಲ್ಲದ ಯಾರೋ ಫೋಟೊ ಕೇಳಿದರೆ ನಿಮ್ಮ ಮಗು ಬಂದು ನಿಮಗೆ ಹೇಳುತ್ತಾ?’

ಮಕ್ಕಳನ್ನು ಕೇಳಿದರೆ ಉತ್ತರ ನೇರವಾಗಿ ಬರುತ್ತದೆ. ‘ಹೇಳಿದ್ರೆ ಫೋನ್ ಕಿತ್ಕೊಳ್ತಾರೆ.’

ಕೆಟ್ಟ ಉದ್ದೇಶದವರು ನೆಚ್ಚಿಕೊಂಡಿರುವುದೇ ಈ ಭಯವನ್ನು. ರೋಬ್ಲಾಕ್ಸ್‌ನಂಥ ಆಟದೊಳಗೆ ಪರಿಚಯ ಮಾಡಿಕೊಳ್ಳುತ್ತಾರೆ. ತಾವೂ ಅದೇ ವಯಸ್ಸಿನವರು ಅನ್ನುತ್ತಾರೆ. ಆಟದಲ್ಲಿ ಬಳಸುವ ನಾಣ್ಯ ಕೊಡಿಸುತ್ತಾರೆ. ನಂತರ ಡಿಸ್ಕಾರ್ಡ್‌ಗೋ ಸ್ನ್ಯಾಪ್‌ಚಾಟ್‌ಗೋ ಬಾ ಅಂತ ಕರೆಯುತ್ತಾರೆ. ‘ಮನೇಲಿ ಹೇಳ್ಬೇಡ’ ಅನ್ನುವ ಮಾತು ಬರುವುದು ಆಗ. ಫೋಟೊ ಕೇಳುವುದು ಅದರ ಹಿಂದೆಯೇ. ಬೇರೆ ಆ್ಯಪ್‌ಗೆ ಕರೆಯುವುದು, ಗುಟ್ಟಾಗಿಡು ಅನ್ನುವುದು – ಈ ಎರಡನ್ನು ಗುರುತಿಸಲು ಕಲಿತ ಮಗು ಎಷ್ಟೋ ಬೇಗ ಎಚ್ಚೆತ್ತುಕೊಳ್ಳುತ್ತದೆ.

ಅದಕ್ಕೇ ಪೋಷಕರ ಬಾಯಿಂದ ಒಂದು ಮಾತು ಹೇಳಿಸುತ್ತೇನೆ, ಮಗುವಿನ ಎದುರಿಗೇ: ‘ಏನೇ ಆಗಿರಲಿ, ಬಂದು ಹೇಳು. ಹೇಳಿದ್ದಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ.’ ಕೆಲವು ಅಪ್ಪಂದಿರಿಗೆ ಇದು ತುಂಬಾ ಕಷ್ಟ. ಹಿಡಿತ ತಪ್ಪಿ ಹೋಗುತ್ತದೆ ಅನ್ನಿಸುತ್ತದೆ, ಸಹಜ ಅಲ್ವಾ? ಆದರೂ ಇಲ್ಲಿ ನಾನು ಪಟ್ಟು ಬಿಡುವುದಿಲ್ಲ. ಆಮೇಲೆ ಮಗುವಿನ ಪಕ್ಕ ಕೂತು, ಅದು ಆಡುವ ಆಟವನ್ನು ಅದರಿಂದಲೇ ಕಲಿಯಿರಿ ಅನ್ನುತ್ತೇನೆ. ಯಾರು ಮೆಸೇಜ್ ಮಾಡಬಹುದು, ಬ್ಲಾಕ್ ಬಟನ್ ಎಲ್ಲಿದೆ ಅನ್ನುವುದೆಲ್ಲ ಆ ಹೊತ್ತಿನಲ್ಲೇ ಗೊತ್ತಾಗುತ್ತದೆ.

ಸೆಟ್ಟಿಂಗ್‌ಗಳೂ ಬೇಕು. ಚಿಕ್ಕ ಮಕ್ಕಳಿಗೆ ಆಂಡ್ರಾಯ್ಡ್‌ನಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ – ಮಗುವಿನ ಫೋನ್ ಬಳಕೆಗೆ ಪೋಷಕರು ಮಿತಿ ಹಾಕುವ ಸೌಲಭ್ಯಗಳಿವು. ವಾಟ್ಸ್ಆ್ಯಪ್ ಇದ್ದರೆ, ಗ್ರೂಪ್‌ಗೆ ಸೇರಿಸುವ ಅವಕಾಶ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ ಇರುವಂತೆ ಸೆಟ್ ಮಾಡಿ. ಹದಿಹರೆಯದವರ ಫೋನ್‌ನಲ್ಲಿ ಕದ್ದು ನೋಡುವ ಆ್ಯಪ್ ಹಾಕಲು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಗೊತ್ತಾದ ದಿನ ಮಗು ಬೇರೆ ಅಕೌಂಟ್ ತೆರೆಯುತ್ತದೆ, ನಂಬಿಕೆಯೂ ಹೋಗುತ್ತದೆ.

ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದಾರೆ ಅಂತ ಬರುವ ಪೋಷಕರಿಗೆ ಮೊದಲು ಹೇಳುವುದು ಇಷ್ಟು: ಬೈಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ದುಡ್ಡು ಕಳಿಸಬೇಡಿ, ಕೊಟ್ಟಷ್ಟೂ ಜಾಸ್ತಿ ಕೇಳುತ್ತಾರೆ. ಚಾಟ್ ಅಳಿಸಬೇಡಿ. ಬೆದರಿಕೆಯ ಮೆಸೇಜ್, ಅಕೌಂಟ್ ಹೆಸರು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆಮೇಲೆ ರಿಪೋರ್ಟ್, ಬ್ಲಾಕ್, ಪೊಲೀಸ್ ದೂರು. ಆ ಫೋಟೊವನ್ನು ಸಾಕ್ಷಿ ಅಂತ ನೆಂಟರಿಗೂ ಕಳಿಸಬೇಡಿ. 18 ವರ್ಷದೊಳಗೆ ತೆಗೆದ ನಗ್ನ ಚಿತ್ರಗಳಿಗಾಗಿ ‘ಟೇಕ್ ಇಟ್ ಡೌನ್’ ಅನ್ನುವ ಉಚಿತ ಸೇವೆ ಇದೆ. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ 2023ರಲ್ಲಿ ಶುರು ಮಾಡಿದ್ದು. ಹೆಸರು ಹೇಳಬೇಕಾಗಿಲ್ಲ. ಫೋಟೊ ನಮ್ಮ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ, ಅದರಿಂದ ತಯಾರಾದ ಒಂದು ಕೋಡ್ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಸ್ನ್ಯಾಪ್‌ಚಾಟ್, ಟಿಕ್‌ಟಾಕ್‌ನಂಥ ಕಂಪನಿಗಳು ಆ ಕೋಡ್ ಹಿಡಿದು ಚಿತ್ರವನ್ನು ಹುಡುಕಿ ತೆಗೆಯಬಹುದು. ಇದನ್ನು ಮಗುವಿನ ಪಕ್ಕದಲ್ಲೇ ಕೂತು ಮಾಡಿ ಅನ್ನುತ್ತೇನೆ.