ಅವ್ವ ಹೇಳಿದ್ದನ್ನು ಮಗಳು ಹೇಳಲಿಲ್ಲ

ಸಿಂಧನೂರಿನ ಬಸ್ ಸ್ಟ್ಯಾಂಡಿನಿಂದ ಯಾವ ಕಡೆ ಹೊರಟರೂ ಸ್ವಲ್ಪ ದೂರಕ್ಕೇ ಭಾಷೆ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಲ್ಲಿ ತೆಲುಗು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ. ತಾಂಡಾಗಳಲ್ಲಿ ಲಂಬಾಣಿಗರ ಗೋರ್ ಬೋಲಿ. ಊರೊಳಗೆ ಕನ್ನಡದಷ್ಟೇ ಸಲೀಸಾಗಿ ಉರ್ದು. ಇವರೆಲ್ಲ ಬರುವ ಒಂದು ಮಾನಸಿಕ ಆರೋಗ್ಯ ಕೇಂದ್ರದಲ್ಲಿ ನಾನು ಕೌನ್ಸೆಲರ್. ಟ್ರಸ್ಟಿನ ಕೇಂದ್ರ, ಫೀಸು ಇಲ್ಲ. ಡಾಕ್ಟರು ಸಂತೆಯ ದಿನ ಬರುತ್ತಾರೆ. ಆ ದಿನವನ್ನು ಬೇಕೆಂದೇ ಇಟ್ಟಿದ್ದೇವೆ. "ಸಂತಿಗೆ ಹೋಗಿ ಬರ್ತೀನಿ" ಅಂದರೆ ಮನೆಯಲ್ಲಿ ಯಾರೂ ಇನ್ನೊಂದು ಮಾತು ಕೇಳುವುದಿಲ್ಲ, ಅಲ್ವಾ?

ಶುರುವಿನಲ್ಲಿ ನಮ್ಮ ಕೈಯಲ್ಲಿ ಒಂದು ಫಾರಂ ಇತ್ತು. ಕಳೆದ ಎರಡು ವಾರಗಳಲ್ಲಿ ಖಿನ್ನತೆ ಅನಿಸಿದೆಯೇ ಎಂದು ಅದನ್ನು ನೋಡಿ ಕೇಳುತ್ತಿದ್ದೆ. "ಖಿನ್ನತೆ ಅಂದ್ರ ಏನ್ರಿ ಮೇಡಂ?" ಎಂದು ಕನ್ನಡದವರೇ ಕೇಳಿದರು. ಅವರು ತಾವಾಗಿ ಹೇಳುತ್ತಿದ್ದ ಮಾತುಗಳೇ ಬೇರೆ. ಎದಿ ಬಡಬಡ ಅಂತೈತಿ, ಜೀವ ಉರಿತೈತಿ, ಹೊಟ್ಟ್ಯಾಗ ಸಂಕಟ. ತೆಲುಗು ಕ್ಯಾಂಪಿನವರು ಗುಂಡೆ ದಡ ಅನ್ನುತ್ತಾರೆ, ಅಂದರೆ ಎದೆ ಬಡಿತ. ಉರ್ದು ಮಾತಾಡುವವರದು ಘಬ್ರಾಹಟ್. ಬಂಗಾಳಿ ಹೆಂಗಸರು ಮಾಥಾ ಘೋರೆ ಅನ್ನುತ್ತಾರೆ, ಅಂದರೆ ತಲೆ ತಿರುಗುವುದು. ಈ ಮಾತುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಈಗ ಮೊದಲು ಮೈಯ ಸಂಗತಿ ಕೇಳುತ್ತೇನೆ, ಆಮೇಲೆ ನಿದ್ದೆ, ಊಟ. ಮನಸ್ಸಿನ ಮಾತು ಆಮೇಲೆ ತಾನಾಗಿ ಬರುತ್ತದೆ.

ಒಂದು ದಿನ ತಾಂಡಾದಿಂದ ಒಬ್ಬ ತಾಯಿ ಬಂದಳು. ಜೊತೆಗೆ ಹತ್ತು ವರ್ಷದ ಮಗಳು. ಶಾಲೆಯಲ್ಲಿ ಕನ್ನಡ ಕಲಿತ ಹುಡುಗಿ, ಚುರುಕು. ನನಗೆ ಗೋರ್ ಬೋಲಿ ಬಾರದು. ಹಾಗಾಗಿ ಅವಳನ್ನೇ ಮಧ್ಯೆ ಕೂಡಿಸಿಕೊಂಡು ಮಾತಾಡಿದೆ. ತಾಯಿ ಸೆರಗನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಐದಾರು ನಿಮಿಷ ಮಾತಾಡಿದಳು. ಮಗಳು ಹೇಳಿದ್ದು ಇಷ್ಟೇ: "ತಲಿ ನೋವಂತ್ರಿ. ನಿದ್ದಿ ಬರಂಗಿಲ್ಲಂತ." ಆದರೆ ಆ ಐದಾರು ನಿಮಿಷದಲ್ಲಿ "ಕೆನಾಲ್" ಅನ್ನುವ ಒಂದು ಪದ ನನ್ನ ಕಿವಿಗೆ ಎರಡು ಸಲ ಬಿದ್ದಿತ್ತು. "ಕೆನಾಲ್ ಅಂದ್ಳಲ್ಲವಾ ಅವ್ವ, ಏನದು?" ಎಂದೆ. ಹುಡುಗಿ ತಲೆ ತಗ್ಗಿಸಿದಳು. ಉತ್ತರ ಕೊಡಲಿಲ್ಲ. ನೆಲಕ್ಕೆ ಊರಿದ ಕಾಲ್ಬೆರಳು ಮಾತ್ರ ಅಲುಗುತ್ತಿತ್ತು.

ಅದೇ ತಾಂಡಾದ ಆಶಾ ಕಾರ್ಯಕರ್ತೆಯನ್ನು ಕರೆಸಿ, ಮಗಳನ್ನು ಹೊರಗೆ ಕಳಿಸಿ ಮತ್ತೆ ಕೂತೆವು. ತಾಯಿ ಎರಡು ತಿಂಗಳಿಂದ ಕಾಲುವೆಯ ದಂಡೆಗೆ ಹೋಗಿ ಹೋಗಿ ವಾಪಸು ಬರುತ್ತಿದ್ದಳು. ಮಗಳಿಗೆ ಅದು ಗೊತ್ತಿತ್ತು. ಅವಳು ಅವ್ವನನ್ನು ಕಾಯುತ್ತಿದ್ದಳು. ಅಷ್ಟು ಸಣ್ಣ ಹುಡುಗಿಯ ಬಾಯಿಂದ ಅದನ್ನು ಹೇಳಿಸಲು ಹೋಗಿದ್ದು ನನ್ನ ತಪ್ಪು. ಅವತ್ತಿನಿಂದ ಮಕ್ಕಳನ್ನು, ಗಂಡನನ್ನು, ಅತ್ತೆಯನ್ನು ಮಧ್ಯೆ ಕೂಡಿಸುವುದಿಲ್ಲ. ನಾಲ್ಕೂ ಭಾಷೆಗೆ ಆಯಾ ಓಣಿಯ ಹೆಂಗಸರಿಗೇ ತರಬೇತಿ ಕೊಟ್ಟಿದ್ದೇವೆ. ಅವರಿಗೆ ಕಲಿಸಿದ್ದು ಎರಡೇ: ಹೇಳಿದ್ದಷ್ಟನ್ನೂ ಹೇಳಬೇಕು, ಕೇಳಿದ್ದು ಹೊರಗೆ ಹೋಗಬಾರದು. ಒಂದೇ ಓಣಿಯವರು ಅಂದಮೇಲೆ ಎರಡನೆಯದು ಬಹಳ ಕಷ್ಟ. ಹಾಗಾಗಿ ಬಂದವರನ್ನೇ ಮೊದಲು ಕೇಳುತ್ತೇವೆ, "ಈಕೆ ಇದ್ರ ನಡಿತೈತೇನವ್ವಾ?"

ಊರವರಿಗೇ ಕಲಿಸಿ ಕೆಲಸ ಮಾಡುವುದು ನಮ್ಮ ಸೀಮೆಗೆ ಹೊಸದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಅಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಪಕ್ಕದ ಜಿಲ್ಲೆಯಿಂದ ದೇಶಕ್ಕೆ ಹೋದದ್ದು ಎಂದು ನಮ್ಮ ಹೆಂಗಸರಿಗೆ ಹೇಳಿದಾಗ ಅವರ ಮುಖ ಅರಳುತ್ತದೆ.

ಮಾತ್ರೆಯ ವಿಷಯದಲ್ಲೂ ಜನರ ಬದುಕು ನೋಡಿಯೇ ನಡೆಯಬೇಕು. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಇದನ್ನು ಮೊದಲ ದಿನವೇ ಹೇಳದಿದ್ದರೆ ಎಂಟು ದಿನಕ್ಕೆ ಬಿಟ್ಟುಬಿಡುತ್ತಾರೆ. ನನಗೆ ಜಾಸ್ತಿ ಹೆದರಿಕೆ ಲಿಥಿಯಂ ತೆಗೆದುಕೊಳ್ಳುವವರದು. ಮನಸ್ಸು ಕೆಲವು ದಿನ ವಿಪರೀತ ಏರಿ, ಕೆಲವು ದಿನ ಕುಸಿಯುವ ಕಾಯಿಲೆಗೆ ಕೊಡುವ ಮಾತ್ರೆ ಅದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ಬೆವರಿ ಮೈಯ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ನಡುಕ ಜೋರಾಗುತ್ತದೆ, ವಾಂತಿ ಭೇದಿ ಆಗುತ್ತದೆ, ನಡಿಗೆ ತೂರಾಡುತ್ತದೆ. ಮನೆಯವರು ಕುಡಿದು ಬಂದಿದ್ದಾನೆ ಅಂದುಕೊಂಡು ಸುಮ್ನೆ ಮಲಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿ ಎಂದು ಪ್ರತಿ ಮನೆಗೂ ಹೇಳುತ್ತೇವೆ. ರಂಜಾನ್ ಬರುವ ಮುಂಚೆಯೇ ರೋಜಾ ಇಡುತ್ತೀರಾ ಎಂದು ಕೇಳುತ್ತೇವೆ. ಕೆಲವರಿಗೆ ಡಾಕ್ಟರು ಮಾತ್ರೆಯ ಹೊತ್ತನ್ನು ನಸುಕಿನ ಸಹರಿ ಊಟಕ್ಕೆ, ಸಂಜೆಯ ಇಫ್ತಾರಿಗೆ ಹೊಂದಿಸುತ್ತಾರೆ. ಲಿಥಿಯಂ ಇರುವವರಿಗೆ ರಕ್ತ ಪರೀಕ್ಷೆ ಮಾಡಿಸಿಯೇ ತೀರ್ಮಾನ. ಕೇಳದೇ ಹೋದರೆ ಅವರು ಉಪವಾಸ ಬಿಡುವುದಿಲ್ಲ, ಮಾತ್ರೆ ಬಿಡುತ್ತಾರೆ.

ಗುಳೆ ಇನ್ನೊಂದು ಚಿಂತೆ. ಕೆಲಸ ಮುಗಿದರೆ ಜನ ಬೆಂಗಳೂರು, ಪುಣೆ ಎಂದು ಹೊರಡುತ್ತಾರೆ. ಹೊರಡುವ ಮುಂಚೆ ಮಾತ್ರೆಯ ಹೆಸರು, ಎಷ್ಟು, ಯಾವ ಹೊತ್ತಿಗೆ ಎಂದು ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತೇವೆ. ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ ಅನ್ನುತ್ತೇವೆ. ಚೀಟಿಯ ಹಿಂದೆ 14416 ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಪುಣೆಯ ಕಟ್ಟಡದ ಕೆಲಸದಲ್ಲಿ ಇದ್ದರೂ ಫೋನ್ ಮಾಡಬಹುದು.

ಆ ತಾಂಡಾದ ತಾಯಿಯೂ ಪ್ರತಿ ವರ್ಷ ಚೀಟಿ ತೆಗೆದುಕೊಂಡೇ ಗುಳೆ ಹೋಗುತ್ತಾಳೆ. ಈಗ ಅವಳು ನಿದ್ದೆ ಮಾಡುತ್ತಾಳೆ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಅವ್ವನ ಜೊತೆ ಬಂದರೂ ಒಳಗೆ ಬರುವುದಿಲ್ಲ, ಬೇವಿನ ಗಿಡದ ಕೆಳಗೆ ಕೂತು ಗಣಿತ ಮಾಡುತ್ತಿರುತ್ತಾಳೆ.